ಮಗುವಿನ ಗಾಯ: ಲೆಕ್ಕ ಇಡುವವರು ಯಾರು?

ಏಟಿನ ಗುರುತು ಮೊದಲು ಕಾಣುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ರಕ್ಷಣೆಯ ಕೆಲಸ ಅಲ್ಲಿಂದಲೇ ಶುರುವಾಗಬೇಕು

‘ಆಡ್ಲಾಕ ಹೋಗಿ ಬಿದ್ದಾನ್ರೀ ಸಾಹೇಬ್ರ.’ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಗಾಯಗೊಂಡ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಬಂದವರು ಸಾಮಾನ್ಯವಾಗಿ ಹೇಳುವ ಮಾತಿದು. ಬಹಳಷ್ಟು ಸಲ ಅದು ನಿಜವೂ ಹೌದು. ತೊಗರಿ ರಾಶಿಯ ದಿನಗಳಲ್ಲಿ ತಂದೆ ತಾಯಿ ಬೆಳಗಾಗುವುದರೊಳಗೆ ಹೊಲ ಸೇರಿರುತ್ತಾರೆ. ಎಂಟು ಹತ್ತು ವರ್ಷದ ಅಕ್ಕನೇ ಮನೆ ನೋಡಿಕೊಂಡು, ತಮ್ಮನನ್ನೂ ಆಡಿಸಬೇಕು. ಅಂಥ ಮನೆಯಲ್ಲಿ ಕೂಸು ಒಲೆಯ ಬಳಿ ಸುಟ್ಟುಕೊಂಡರೆ ಅದು ಬಡತನದ ಗಾಯ, ಯಾರದೋ ಕ್ರೌರ್ಯವಲ್ಲ.

ಆದರೆ ಬಿದ್ದು ಆಗದ ಗಾಯಗಳೂ ಇವೆ. ಅವುಗಳಿಗೂ ಚೀಟಿಯಲ್ಲಿ ‘ಬಿದ್ದ ಗಾಯ’ ಎಂದೇ ಬರೆದುಬಿಟ್ಟರೆ ಎರಡರ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಮುಲಾಮು ಹಚ್ಚಿಸಿಕೊಂಡ ಮಗು ಹೊಡೆದವರ ಕೈಗೇ ಮರಳುತ್ತದೆ.

ವ್ಯತ್ಯಾಸ ಗುರುತಿಸುವುದು ಅಸಾಧ್ಯವೇನಲ್ಲ. ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು 1962ರಲ್ಲೇ ಹೊಡೆತ ತಿಂದ ಮಕ್ಕಳ ಲಕ್ಷಣಗಳನ್ನು ವೈದ್ಯಲೋಕದ ಮುಂದಿಟ್ಟಿದ್ದರು. ಓಡಾಡುವ ಮಗು ಬಿದ್ದರೆ ಪೆಟ್ಟಾಗುವುದು ಹೆಚ್ಚಾಗಿ ಮೊಣಕಾಲು, ಹಣೆ, ಗದ್ದದಂಥ ಎಲುಬು ಮುಂದಿರುವ ಕಡೆ. ನಾಲ್ಕು ವರ್ಷದೊಳಗಿನ ಮಗುವಿನ ಕಿವಿ, ಕುತ್ತಿಗೆ, ಹೊಟ್ಟೆ, ಬೆನ್ನಿನ ಮೇಲೆ ರಕ್ತ ಹೆಪ್ಪುಗಟ್ಟಿದ ಕಲೆಗಳಿದ್ದರೆ ವೈದ್ಯರು ಎಚ್ಚರಗೊಳ್ಳಬೇಕು. ಇನ್ನೂ ಮಗುಚಲೂ ಬಾರದ ಕೂಸಿನ ಮೈಮೇಲೆ ಅಂಥ ಕಲೆ ಎಲ್ಲಿದ್ದರೂ ಕಾರಣ ಕೇಳಲೇಬೇಕು. ಕೋಲಿನ ಏಟು ಎರಡು ಸಮಾನಾಂತರ ಕೆಂಪು ಗೆರೆಗಳ ಬಾಸುಂಡೆಯನ್ನು ಉಳಿಸುತ್ತದೆ, ನಡುವಿನ ಚರ್ಮ ಬಿಳಿಚಿರುತ್ತದೆ. ಮಡಚಿದ ವಯರಿನ ಏಟು ಕುಣಿಕೆಯ ಆಕಾರದಲ್ಲಿ ಮೂಡುತ್ತದೆ. ಬಿಸಿನೀರು ಮೈಮೇಲೆ ಚೆಲ್ಲಿದರೆ ಸುಟ್ಟ ಅಂಚು ಅಡ್ಡಾದಿಡ್ಡಿ ಇರುತ್ತದೆ; ಕಾಲನ್ನು ಬಿಸಿನೀರಿನಲ್ಲಿ ಒತ್ತಿ ಹಿಡಿದಿದ್ದರೆ ಸುತ್ತಲೂ ಗೆರೆ ಕೊರೆದಂತೆ ಕಾಣುತ್ತದೆ. ಹಳೆಯ ಗಾಯದ ಪಕ್ಕದಲ್ಲೇ ಹೊಸದು, ಆಸ್ಪತ್ರೆಗೆ ಬರಲು ಎರಡು ದಿನ ತಡ, ತಾಯಿ ಹೇಳಿದ್ದೊಂದು ಅಜ್ಜಿ ಹೇಳಿದ್ದೊಂದು: ಇವೂ ಗಮನಿಸಬೇಕಾದ ಸಂಗತಿಗಳೇ.

ಹರೆಯದವರಲ್ಲಿ ಚಿತ್ರ ಬದಲಾಗುತ್ತದೆ. ಮುಖಕ್ಕೆ ಬರುವ ಏಟು ತಡೆಯಲು ಎತ್ತಿದ ಮುಂಗೈ ಮುರಿದಿರುತ್ತದೆ. ಕೆಲವರ ಮುಂಗೈ ಮೇಲೆ ತಾವೇ ಬ್ಲೇಡಿನಿಂದ ಕೊಯ್ದುಕೊಂಡ ಗೆರೆಗಳಿರುತ್ತವೆ. ಬೆಳೆಗೆ ಹೊಡೆಯುವ ಎಣ್ಣೆ ಮನೆಯ ಮೂಲೆಯಲ್ಲೇ ಇರುವ ಈ ಸೀಮೆಯಲ್ಲಿ, ಅದನ್ನು ಕುಡಿದ ಹುಡುಗಿಯನ್ನು ‘ತಪ್ಪಿ ಕುಡಿದಾಳ್ರೀ’ ಎಂದೇ ಕರೆತರುತ್ತಾರೆ. ಒಲ್ಲದ ಮದುವೆಯೋ, ಕಿರುಕುಳವೋ, ಮನೆಯ ಹೊಡೆತವೋ ಕಾರಣವಾಗಿತ್ತೇ ಎಂದು ಕೇಳುವವರು ಇಲ್ಲವಾದರೆ ಆ ಹುಡುಗಿ ಬದುಕಿದರೂ ಅಪಾಯದಿಂದ ಪಾರಾದಂತಲ್ಲ.

ಉದ್ದೇಶಪೂರ್ವಕ ಗಾಯಗಳೆಲ್ಲ ದ್ವೇಷದಿಂದಲೇ ಆದವಲ್ಲ. ಕಾಮಾಲೆ, ಹೊಟ್ಟೆಯುಬ್ಬರ, ಸೆಳವಿಗೆ ಮದ್ದೆಂದು ಕೂಸಿಗೆ ಬರೆ ಹಾಕುವ ರೂಢಿ ಉತ್ತರ ಕರ್ನಾಟಕದಲ್ಲಿ ಪೂರ್ತಿ ಅಳಿದಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ ಕಲಬುರಗಿಗೆ ಹೊಂದಿಕೊಂಡ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆಂದು ನಂಬಿ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಹೂತವರು ಹೆತ್ತವರೇ, ಮಗು ಗುಣವಾಗಲೆಂಬ ಆಸೆಯಿಂದಲೇ. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ 2017ರ ರಾಜ್ಯ ಕಾಯ್ದೆ ಮರು ತಿಂಗಳಷ್ಟೇ ಜಾರಿಗೆ ಬಂತು. ಅಂಥ ಮನೆಗಳಿಗೆ ಪೊಲೀಸರಿಗಿಂತ ಮೊದಲು ತಲುಪಬೇಕಾಗಿದ್ದುದು ಫಿಸಿಯೋಥೆರಪಿ ಮತ್ತು ಮಕ್ಕಳ ವೈದ್ಯರು. ಕೋಪದ ಏಟಿಗೂ ಕಂದಾಚಾರದ ಬರೆಗೂ ಒಂದೇ ಮದ್ದು ಸಾಲದು.

ಶಾಲೆಯ ಬೆತ್ತದ ಕಥೆ ಬೇರೆ. 2022ರ ಡಿಸೆಂಬರ್‌ನಲ್ಲಿ ಗದಗ ಜಿಲ್ಲೆಯ ಹದ್ಲಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕನ ಹಲ್ಲೆಯಿಂದ ನಾಲ್ಕನೇ ತರಗತಿಯ ಬಾಲಕ ಪ್ರಾಣ ಬಿಟ್ಟ. ಅದು ವಿರಳ ಘಟನೆ. ಆದರೆ ‘ನಾಲ್ಕು ಬಿಗೀರಿ ಸರ, ಬುದ್ಧಿ ಬರ್ತದ’ ಎಂದು ಪಾಲಕರೇ ಶಿಕ್ಷಕರಿಗೆ ಒಪ್ಪಿಸುವುದು ವಿರಳವಲ್ಲ. ದುಡಿಮೆಗೆಂದು ಪುಣೆ, ಮುಂಬೈ, ಹೈದರಾಬಾದ್‌ಗೆ ಗುಳೆ ಹೋದವರ ಮಕ್ಕಳು ಹಾಸ್ಟೆಲುಗಳಲ್ಲಿ, ನೆಂಟರ ಮನೆಗಳಲ್ಲಿ ಉಳಿಯುತ್ತಾರೆ. ಬೆನ್ನ ಮೇಲಿನ ಬಾಸುಂಡೆ ತೋರಿಸಲು ಅವರಿಗೆ ತಮ್ಮವರು ಹತ್ತಿರ ಇರುವುದಿಲ್ಲ.

ಕಾನೂನಿನಲ್ಲಿ ಒಂದು ದೊಡ್ಡ ಕಂದಕ ಉಳಿದಿದೆ. ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದೂ ಪೊಲೀಸರಿಗೆ ತಿಳಿಸದಿದ್ದರೆ ಪೋಕ್ಸೊ ಕಾಯ್ದೆಯಡಿ ವೈದ್ಯರಿಗೂ ಶಿಕ್ಷೆ ಇದೆ. ತಮ್ಮ ಸುಪರ್ದಿಯಲ್ಲಿರುವ ಮಗುವನ್ನು ಹಿಂಸಿಸಿದವರಿಗೆ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮೂರು ವರ್ಷದವರೆಗೆ ಜೈಲು ವಿಧಿಸುತ್ತದೆ. ಮಕ್ಕಳ ಪಾಲನೆಯ ಸಂಸ್ಥೆಯವರೇ ಹಿಂಸಿಸಿದರೆ ಐದು ವರ್ಷದವರೆಗೆ. ಆದರೆ ದೈಹಿಕ ಹಿಂಸೆಯ ಗುರುತು ಕಂಡವರು ತಿಳಿಸಲೇಬೇಕೆಂಬ ಪೋಕ್ಸೊ ಮಾದರಿಯ ಖಚಿತ ಕಟ್ಟಳೆ ಇಲ್ಲ. ಶಾಲೆಯಲ್ಲಿ ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆಯಾದರೂ ಅದರಲ್ಲಿ ಇರುವುದು ಇಲಾಖಾ ಶಿಸ್ತುಕ್ರಮ ಮಾತ್ರ.

ಲೆಕ್ಕದ ಕಂದಕ ಇನ್ನೂ ದೊಡ್ಡದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಮನೆಯಲ್ಲಿ ಏಟು ತಿಂದವರ ಪೈಕಿ ಬಹುತೇಕರಿಗೆ ಹೊಡೆದವರು ತಂದೆ ತಾಯಿಯೇ. ಆ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಿಂದಲೇ ಕೆಲಸ ಆರಂಭಿಸಬಹುದು. ಮಗುವಿನ ಪ್ರತಿ ಗಾಯಕ್ಕೂ ಜಾಗ, ಆಕಾರ, ಹೇಳಿದ ಕಾರಣ, ತಡವಾದ ಸಮಯ ದಾಖಲಿಸುವ ಒಂದು ಪುಟದ ನಮೂನೆಯನ್ನು ತಾಲ್ಲೂಕು ಆಸ್ಪತ್ರೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಕೊಡಬೇಕು. ಅನುಮಾನ ಬಂದ ಮಗುವನ್ನು ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಪೂರ್ತಿ ಪರೀಕ್ಷಿಸುವ ಏರ್ಪಾಡು ಬೇಕು. ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೊಮ್ಮೆಯಾದರೂ ತಾಲ್ಲೂಕು ಕೇಂದ್ರಕ್ಕೆ ಬಂದು ಕಲಾಪ ನಡೆಸಲಿ. ಭೀಮಾ ತೀರದ ಹಳ್ಳಿಯಿಂದ ಕಲಬುರಗಿಗೆ ಹೋಗಿಬರಲು ಕೂಲಿಕಾರರು ಒಂದು ದಿನದ ಕೂಲಿ ಬಿಡಬೇಕಾಗುತ್ತದೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿಯ ಜೊತೆಗೆ, ತಿಳಿಸಿದವರ ಹೆಸರು ಗುಟ್ಟಾಗಿಡುವ ಭರವಸೆಯೂ ಬೇಕು. ಅದೇ ಊರಲ್ಲಿ ಬಾಳಬೇಕಾದವರು ಅವರು.

ಅನುಮಾನವೆಲ್ಲ ಅಪರಾಧವಲ್ಲ ಎಂಬ ವಿವೇಕವನ್ನೂ ಬಿಡಬಾರದು. ಬಡ ತಾಯಿಯನ್ನು ಠಾಣೆಯ ಕಟ್ಟೆ ಹತ್ತಿಸಿದರೆ ಮುಂದಿನ ಸಲ ಆಕೆ ಮಗುವನ್ನು ಆಸ್ಪತ್ರೆಗೇ ತರಲಾರಳು. ಮೊದಲು ಮಗುವಿನ ಸುರಕ್ಷತೆ, ಆಮೇಲೆ ವಿಚಾರಣೆ, ತಪ್ಪು ಸಾಬೀತಾದರೆ ಶಿಕ್ಷೆ: ಈ ಅನುಕ್ರಮ ತಪ್ಪಬಾರದು.

ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತ. ಪಕ್ಕದ ಮನೆಯಲ್ಲಿ ಮಗು ಏಟು ತಿನ್ನುತ್ತಿದ್ದರೆ ‘ಅವರ ಮನಿ ವಿಚಾರ’ ಎಂದು ಸುಮ್ಮನಿರಬೇಡಿ. ಆ ಸಂಖ್ಯೆಗೆ ಕರೆ ಮಾಡಿ.