ಬೋಪಣ್ಣನ ರೀಲ್ ಶೇರ್ ಮಾಡೋಕಿಂತ ಮೊದಲು

1/4
ರೋಹನ್ ಬೋಪಣ್ಣನ ರೀಲ್ ಮತ್ತ ತಿರುಗಾಕತ್ತೈತಿ. ಹಿಂದ ಢಂ ಢಂ ಮ್ಯೂಸಿಕ್, ಮ್ಯಾಲ "ವಯಸ್ಸು ಬರೀ ನಂಬರ್" ಅನ್ನೋ ಬರಹ. ನಮ್ಮ ಕ್ಲಾಸಿನ ಅರ್ಧ ಮಂದಿ ಸ್ಟೇಟಸ್ ಇಟ್ಟೀರಿ. ಹೋದ ತಿಂಗಳು ಕಬಡ್ಡಿ ಆಡಾಕ ಹೋಗಿದ್ದ ನಮ್ಮ ಹುಡುಗನ ಹೆಸರು ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಿನ್ಯಾಗ ಬಂತಲ್ಲ, ಆವಾಗ "ಆಡಾಕ ಹೋಗು ಅಂದವ್ರ್ಯಾರು?" ಅಂತ ನಕ್ಕವರೂ ನೀವ. ನನ್ನ ಜಗಳ ಇರೋದು ಇಲ್ಲೇ.

2/4
ಬೋಪಣ್ಣ ಕೊಡಗಿನವರು. 11ನೇ ವಯಸ್ಸಿಗೆ ಟೆನಿಸ್ ಶುರು, ಬೆಂಗಳೂರಿನ ಜೈನ್ ಕಾಲೇಜಿನಲ್ಲಿ ಓದು. ವೃತ್ತಿಪರ ಆಟಗಾರ ಆಗಿದ್ದು 2003ರಲ್ಲಿ, 23ನೇ ವಯಸ್ಸಿಗೆ. ನಮ್ಮ ಮನ್ಯಾಗ ಆ ವಯಸ್ಸಿಗೆ "ಪೊಲೀಸ್ ಅರ್ಜಿ ತುಂಬಿದೇನ?" ಅಂತ ಕೇಳ್ತಾರ. 2010ರ ಅಮೆರಿಕ ಓಪನ್ ಡಬಲ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಖುರೇಷಿ ಜೊತೆ ಆಡಿ ಬ್ರಯಾನ್ ಸಹೋದರರಿಗೆ ಸೋತರು. 2017ರಲ್ಲಿ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಗೆದ್ದರು. ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾಂಡ್ ಸ್ಲಾಮ್ ಬಂದದ್ದು 2024ರ ಜನವರಿಯಲ್ಲಿ, ಮೆಲ್ಬರ್ನ್‌ನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ. ಅದೇ ತಿಂಗಳು ವಿಶ್ವದ ನಂಬರ್ 1. ಮೊಣಕಾಲಿನ ಕಾರ್ಟಿಲೇಜ್ ಸವೆದು ಹೋಗಿತ್ತು, ಅಯ್ಯಂಗಾರ್ ಯೋಗ ಮಾಡಿ ಮಾಡಿ ನಿಲ್ಲಿಸಿದ ಕಾಲು ಅವು.

ಲೆಕ್ಕ ಹಾಕ್ರಿ, ಸುಮಾರು 21 ವರ್ಷ. ಟೆನಿಸ್‌ನ್ಯಾಗ ತಿಂಗಳ ಪಗಾರ ಇಲ್ಲ. ಮೊದಲ ಸುತ್ತಿನ್ಯಾಗ ಸೋತರೂ ವಿಮಾನದ ಟಿಕೆಟ್, ಕೋಚ್, ಫಿಸಿಯೊ ಖರ್ಚು ತಪ್ಪಂಗಿಲ್ಲ. ಅವರಪ್ಪ ಕಾಫಿ ಬೆಳೆಗಾರರು, ಮಗನ ಆಟದ ಬೆನ್ನಿಗೆ ನಿಂತವರು. ಇದರಿಂದ ಬೋಪಣ್ಣನ ಶ್ರಮ ಸಣ್ಣದಾಗಂಗಿಲ್ಲ. ಆದ್ರ "ಛಲ ಒಂದಿದ್ರ ಸಾಕು" ಅನ್ನೋ ಕ್ಯಾಪ್ಶನ್ ಸುಳ್ಳು. ಫ್ಯಾಕ್ಟರಿಯಿಂದ ಕಬ್ಬಿನ ಬಿಲ್ ಬಂದ ಮ್ಯಾಲ ಫೀ ಕಟ್ಟೋ ನಮಗ ಅದು ಚೆನ್ನಾಗಿ ಗೊತ್ತಿರಬೇಕಿತ್ತು.

3/4
ಬೆನ್ನಿಗೆ ತೋಟ ಇಲ್ಲದವನಿಗೆ ಕಾಲೇಜು ನಿಲ್ಲಬೇಕು. ನಿಲ್ಲಬಹುದು ಅನ್ನಾಕ ಸೋಮದೇವ್ ದೇವವರ್ಮನ್ ಸಾಕ್ಷಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದ್ತಾ ಆಡಿದ ಹುಡುಗ. ಅಲ್ಲಿ ಒಳ್ಳೆ ಆಟಗಾರರಿಗೆ ಕಾಲೇಜೇ ಕೋಚ್, ಕೋರ್ಟ್, ಸ್ಕಾಲರ್‌ಶಿಪ್ ಕೊಡ್ತದ. 2006ರಲ್ಲಿ ರಾಷ್ಟ್ರೀಯ ಕಾಲೇಜು ಫೈನಲ್ ಸೋತ. ಕಾಲೇಜು ಬಿಡಲಿಲ್ಲ. 2007ರಲ್ಲಿ ಗೆದ್ದ, ಫೈನಲ್‌ನ್ಯಾಗ ಸೋಲಿಸಿದ್ದು ಜಾನ್ ಇಸ್ನರ್‌ನನ್ನ. ಆ ಇಸ್ನರ್ ಮುಂದ ವಿಶ್ವದ 8ನೇ ರ್‍ಯಾಂಕಿಗೆ ಏರಿದಾತ. 2008ರಲ್ಲಿ ಮತ್ತ ಗೆದ್ದ. ಆ ಸೀಸನ್‌ನಲ್ಲಿ 44 ಪಂದ್ಯ ಗೆಲುವು, ಸೋಲು ಒಂದ. ಅದಾದ ಮ್ಯಾಲ ವೃತ್ತಿಪರ. 2009ರ ಜನವರಿಯಲ್ಲಿ ಚೆನ್ನೈ ಓಪನ್ ಫೈನಲ್, 2010ರಲ್ಲಿ ಏಷ್ಯನ್ ಗೇಮ್ಸ್ ಸಿಂಗಲ್ಸ್ ಚಿನ್ನ.

ಈತನ್ನ ಆ ಕಾಲೇಜು ಶಾರ್ಟೇಜ್ ಲಿಸ್ಟಿಗೆ ಹಾಕಿದ್ರ?

4/4
"ಇದು ಅಮೆರಿಕ ಅಲ್ಲೋ, ನಾಗನೂರ" ಅಂತ ಕಮೆಂಟ್ ಬರ್ತದ, ಗೊತ್ತೈತಿ. ನಾನೂ ಟೆನಿಸ್ ಕೋರ್ಟ್ ನೋಡಿದ್ದು ಮೊಬೈಲ್‌ನ್ಯಾಗ. ಕೋರ್ಟ್ ಕೇಳಾಕತ್ತಿಲ್ಲ. ಕಾಲೇಜಿನ ಜರ್ಸಿ ಹಾಕ್ಕೊಂಡು ಆಡಿದ ದಿನಕ್ಕ ಹಾಜರಿ, ತಪ್ಪಿದ ಇಂಟರ್ನಲ್ ಟೆಸ್ಟ್ ಮತ್ತೊಮ್ಮೆ ಬರೆಯೋ ಅವಕಾಶ. ಎರಡಕ್ಕೂ ಒಂದ್ ರೂಪಾಯಿ ಖರ್ಚಿಲ್ಲ. ಕಪ್ ಬಂದಾಗ ಫೋಟೋಕ್ಕ ನಿಲ್ಲೋ ಸರ್‌ಗಳು ಅಷ್ಟು ಮಾಡಬಹುದು.

ಅರ್ಜಿ ಬರದೀನಿ. ಸೋಮವಾರ ಮೊದಲ ಪೀರಿಯಡ್ ಮುಗಿದ ಮ್ಯಾಲ ಪ್ರಿನ್ಸಿಪಾಲರ ರೂಮಿಗೆ ಹೊಂಟೀವಿ. ಸ್ಟೇಟಸ್ ಇಟ್ಟವ್ರೆಲ್ಲಾ ಸಹಿ ಮಾಡಾಕ ಬರ್ರಿ. ಪೆನ್ ನಾ ತರ್ತೀನಿ.