ನೀರಿಗಿಳಿಯುವ ಮುನ್ನ

ಬೇಸಗೆಯ ರಜೆ ಸಮೀಪಿಸಿತೆಂದರೆ ನಗರವಾಸಿಯ ಮನಸ್ಸು ನೀರನ್ನು ನೆನೆಯತೊಡಗುತ್ತದೆ. ಹೊಳೆ, ಕೆರೆ, ಜಲಾಶಯ ಯಾವುದಾದರೂ ಆದೀತು. ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ಒಂದು ದಿನ ಅದರ ದಡದಲ್ಲಿ ಕುಳಿತು ಬರಬೇಕು. ಇಂಗ್ಲೆಂಡು, ಸ್ವೀಡನ್ನು, ನ್ಯೂಜಿಲೆಂಡುಗಳಂಥ ದೇಶಗಳಲ್ಲಿ ಈ ಬಯಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಶಾಲಾಮಾಸ್ತರರು, ವೈದ್ಯರು, ಬಡಗಿಗಳು ತಮ್ಮದೇ ಒಂದು ಪುಟ್ಟ ಹಾಯಿದೋಣಿಯನ್ನು ಇಟ್ಟುಕೊಂಡು ವಾರಾಂತ್ಯಗಳಲ್ಲಿ ಪಂದ್ಯವಾಡುತ್ತಾರೆ. ಬೇಸಗೆಯಲ್ಲಿ ಸಂಸಾರಸಮೇತ ಜಲಯಾತ್ರೆ ಹೊರಡುತ್ತಾರೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ನಿಂತು ಹಾಯಿದೋಣಿಯ ಮಾತನ್ನಾಡಿದರೆ ವಾಚಕರು ನಕ್ಕಾರು. ಇದು ಬಂಡೆಗಳ ನಾಡು; ರೇಷ್ಮೆಗೂಡಿನ, ಅರಗಿನ ಬಣ್ಣದ ಗೊಂಬೆಗಳ ನಾಡು. ಸಮುದ್ರ ಇಲ್ಲಿಂದ ಬಹುದೂರ. ಆದರೂ ಈ ನಾಡಿಗೆ ತನ್ನದೇ ಒಂದು ನೌಕೆಯುಂಟು. ಕನಕಪುರದ ದಕ್ಷಿಣಕ್ಕೆ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದಲ್ಲಿ ಅದನ್ನು ಕಾಣಬಹುದು. ಕೂವೆಮರವಿಲ್ಲ, ಹಾಯಿಯಿಲ್ಲ, ಚುಕ್ಕಾಣಿಯಿಲ್ಲ. ಮುಂದು ಯಾವುದು, ಹಿಂದು ಯಾವುದು ಎಂಬ ಭೇದವೂ ಇಲ್ಲ. ಅದೇ ನಮ್ಮ ಹರಿಗೋಲು. ಹಾಯಿದೋಣಿಯ ಹವ್ಯಾಸಿಗಳು ಶತಮಾನಗಳಲ್ಲಿ ಕಲಿತ ಪಾಠವೊಂದು ಈ ಬುಟ್ಟಿಯಲ್ಲಿ ಕೂರುವ ನಮಗೂ ಅಗತ್ಯವಾಗಿದೆ; ಅದನ್ನು ಹೇಳುವುದೇ ಇಂದಿನ ಉದ್ದೇಶ.

ಶೀತದೇಶಗಳಲ್ಲಿ ಚಳಿಗಾಲ ಬಂತೆಂದರೆ ದೋಣಿಯನ್ನು ದಡಕ್ಕೆ ಎಳೆದು, ಹೊದಿಕೆ ಹೊದಿಸಿ ಮಲಗಿಸುತ್ತಾರೆ. ವಸಂತದಲ್ಲಿ ಅದರ ಸಿದ್ಧತೆ ಪ್ರಾರಂಭ. ತಳಕ್ಕೆ ಅಂಟಿದ ಪಾಚಿಯನ್ನೂ ಚಿಪ್ಪುಜೀವಿಗಳನ್ನೂ ಕೆರೆದು, ಅವು ಮತ್ತೆ ಹತ್ತದಂತೆ ವಿಶೇಷ ಬಣ್ಣವನ್ನು ಬಳಿಯಬೇಕು. ಕೂವೆಮರವನ್ನು ಎಳೆದು ನಿಲ್ಲಿಸುವ ಉಕ್ಕಿನ ಹುರಿಗಳಲ್ಲಿ ಒಂದೆಳೆ ಕಿತ್ತಿದ್ದರೂ ಹುರಿಯನ್ನೇ ಬದಲಿಸಬೇಕು. ಹಾಯಿಯ ಹೊಲಿಗೆ ಬಿಟ್ಟಿದೆಯೆ, ಚುಕ್ಕಾಣಿ ಸಡಿಲವಾಗಿದೆಯೆ, ಲಂಗರಿನ ಸರಪಳಿ ಸವೆದಿದೆಯೆ, ಒಳಗೆ ಬಂದ ನೀರನ್ನು ಹೊರಹಾಕುವ ಪಂಪು ನಡೆಯುತ್ತಿದೆಯೆ, ತೇಲುಕವಚಗಳು ಎಲ್ಲರ ಅಳತೆಗೂ ಇವೆಯೆ ಎಂದು ಒಂದೊಂದನ್ನೂ ಕೈಮುಟ್ಟಿ ನೋಡಬೇಕು. ಹವ್ಯಾಸಿಯು ಇವುಗಳಲ್ಲಿ ಬಹುಪಾಲನ್ನು ತಾನೇ ಮಾಡುತ್ತಾನೆ. ದೋಣಿ ನೀರಿನಲ್ಲಿರುವ ಪ್ರತಿಯೊಂದು ಗಂಟೆಯ ಹಿಂದೆಯೂ ದಡದಲ್ಲಿ ಸವೆದ ಗಂಟೆಗಳಿರುತ್ತವೆ. ಆ ಶ್ರಮವನ್ನು ಅವನು ಹೊರೆಯೆಂದು ಎಣಿಸುವುದಿಲ್ಲ. ಕ್ರೀಡೆಯ ಅರ್ಧಭಾಗವೆಂದೇ ತಿಳಿಯುತ್ತಾನೆ.

ನಮ್ಮ ದೇಶದಲ್ಲಿ ಚಳಿಗಾಲದ ಈ ಪಾತ್ರವನ್ನು ಮಳೆಗಾಲ ವಹಿಸಿದೆ. 1846ರಲ್ಲಿ ಸ್ಥಾಪಿತವಾದ ರಾಯಲ್ ಬಾಂಬೆ ಯಾಟ್ ಕ್ಲಬ್ಬು ಹಾಯಿದೋಣಿಯ ಕ್ರೀಡೆಯನ್ನು ಈ ಕಡೆ ಬೇರೂರಿಸಿದ ಹಿರಿಯ ಸಂಸ್ಥೆಗಳಲ್ಲೊಂದು. 1911ರಲ್ಲಿ ಮದರಾಸಿನಲ್ಲೂ ಅಂಥದೊಂದು ಹುಟ್ಟಿತು. ಪಶ್ಚಿಮ ಕರಾವಳಿಯ ಹಾಯಿದೋಣಿಗಳು ಮುಂಗಾರಿನಲ್ಲಿ ದಡ ಹತ್ತಿ, ಮಳೆ ನಿಂತ ಬಳಿಕ ನೀರಿಗಿಳಿಯುತ್ತವೆ. ಇನ್ನು ಬೆಂಗಳೂರಿನವರು ಇದಕ್ಕಾಗಿ ಕಡಲಿಗೇ ಹೋಗಬೇಕಾಗಿಲ್ಲ. ಮದರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹಲಸೂರು ಕೆರೆಯಲ್ಲಿಯೇ ಹಾಯಿ ಬಿಡಿಸುವ ವಿದ್ಯೆಯನ್ನು ಕಲಿಯುತ್ತಾರೆ. ಅವರ ಸಂಘದ ಹೆಸರು ತೃಷ್ಣಾ. ಸೇನೆಯ ಎಂಜಿನಿಯರುಗಳು 1985ರಿಂದ 1987ರ ಅವಧಿಯಲ್ಲಿ ಭೂಪ್ರದಕ್ಷಿಣೆ ಮಾಡಿಸಿದ ಹಾಯಿನೌಕೆಯ ಹೆಸರೂ ಅದೇ. ಜಗತ್ತನ್ನು ಸುತ್ತಿಬಂದ ಮೊದಲ ಭಾರತೀಯ ಹಾಯಿನೌಕೆ ಅದು. ಹಲಸೂರು ಕೆರೆಯನ್ನು ಕಟ್ಟಿಸಿದವರು ಕೆಂಪೇಗೌಡರ ವಂಶದವರೆಂದು ಪ್ರತೀತಿ. ಆ ಮನೆತನ 1638ರಲ್ಲಿ ಬೆಂಗಳೂರನ್ನು ಬಿಟ್ಟು ಮಾಗಡಿಯನ್ನು ರಾಜಧಾನಿ ಮಾಡಿಕೊಂಡಿತು. ಮಾಗಡಿಗೂ ಹಾಯಿದೋಣಿಗೂ ಎಲ್ಲಿಯ ನಂಟು ಎಂದು ಕೇಳುವವರಿಗೆ ಇಷ್ಟನ್ನಾದರೂ ಹೇಳಬಹುದು.

ಹಾಯಿದೋಣಿಯ ಪಂದ್ಯ ನೋಡುವವರಿಗೆ ಮೊದಲು ಗೊಂದಲವೆನಿಸುತ್ತದೆ. ಗಾಳಿ ಬೀಸುವ ದಿಕ್ಕಿಗೇ ನೆಟ್ಟಗೆ ಎದುರಾಗಿ ಯಾವ ಹಾಯಿಯೂ ಸಾಗಲಾರದು. ಆದಕಾರಣ ಸುಮಾರು 45 ಅಂಶದ ಕೋನದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನ ನಡೆಯಲ್ಲಿ ಮುಂದುವರಿಯಬೇಕು. ಎರಡು ದೋಣಿಗಳು ಅಡ್ಡಬಂದರೆ, ಬಲಬದಿಯಿಂದ ಗಾಳಿ ಪಡೆಯುತ್ತಿರುವುದಕ್ಕೆ ಎಡಬದಿಯಿಂದ ಪಡೆಯುತ್ತಿರುವುದು ದಾರಿ ಬಿಡಬೇಕು. ಸಾಮಾನ್ಯ ಪಂದ್ಯಗಳಲ್ಲಿ ಸೀಟಿ ಊದುವ ತೀರ್ಪುಗಾರ ಬೆನ್ನಹಿಂದೆ ಇರುವುದಿಲ್ಲ. ನಿಯಮ ಮುರಿದೆನೆಂದು ತಿಳಿದವನು ತಾನಾಗಿಯೇ ಪಕ್ಕಕ್ಕೆ ಸರಿದು, ನೀರಿನಲ್ಲಿ ಎರಡು ಪೂರ್ಣ ಸುತ್ತು ತಿರುಗಿ ದಂಡ ತೆತ್ತು ಮುಂದೆ ಹೋಗುತ್ತಾನೆ. ವಿನೋದವೇನೆಂದರೆ, ಅಲ್ಲಿ ದಂಡವಾದ ಈ ಸುತ್ತಾಟವೇ ಸಂಗಮದ ಹರಿಗೋಲಿನಲ್ಲಿ ಮನರಂಜನೆ! ಪ್ರಯಾಣಿಕರು, “ಇನ್ನೊಮ್ಮೆ ತಿರುಗಿಸಪ್ಪಾ” ಎಂದು ಅಂಬಿಗನನ್ನು ಬೇಡುವುದುಂಟು.

ಹರಿಗೋಲು ಪುರಾತನ ವಾಹನ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಕಡೆ ಜನರು ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು ದೊಡ್ಡವು. ಅಗತ್ಯ ಬಿದ್ದರೆ ಕುದುರೆ ಎತ್ತುಗಳೂ ಅವುಗಳಲ್ಲಿ ದಾಟುತ್ತಿದ್ದುವು. ಹುಟ್ಟು ಹಾಕಿದರೆ ನೇರ ಹೋಗದೆ ತಿರುಗುತ್ತಲೇ ಇರುತ್ತಿದ್ದುವು ಎಂಬುದು ಅವನ ವರದಿಯ ಸಾರ. ಐದು ಶತಮಾನಗಳ ತರುವಾಯವೂ ಆ ವರ್ಣನೆಯಲ್ಲಿ ಬದಲಿಸಬೇಕಾದುದು ಅಲ್ಪ. ಕಾವೇರಿಯ ಕೆಳದಂಡೆಯ ತಮಿಳರು ಇದನ್ನು ಪರಿಸಲ್ ಎನ್ನುತ್ತಾರೆ. ತಮಿಳಿನ ಪಕಾರ ನಮ್ಮಲ್ಲಿ ಹಕಾರವಾಗುವುದನ್ನು ಬಲ್ಲವರಿಗೆ ಈ ಎರಡು ಹೆಸರುಗಳಲ್ಲಿ ಏನೋ ಒಂದು ಹತ್ತಿರದ ದನಿ ಕೇಳಿಸದಿರದು.

ಇದರ ಸಿದ್ಧತೆಯೂ ಹಾಯಿದೋಣಿಯ ಸಿದ್ಧತೆಗಿಂತ ಕಡಿಮೆ ಜವಾಬ್ದಾರಿಯದಲ್ಲ. ಬಲಿತ ಬಿದಿರನ್ನು ಸೀಳಿ, ದಬ್ಬೆಗಳನ್ನು ತಳದ ನಡುವಿನಿಂದ ಅಡ್ಡಲಾಗಿ ಉದ್ದಲಾಗಿ ಹೆಣೆಯುತ್ತ ಬಂದು, ಅಂಚನ್ನು ಮೇಲಕ್ಕೆ ಬಾಗಿಸಿ ದಪ್ಪನಾದ ಬಳೆ ಕಟ್ಟುತ್ತಾರೆ. ಮೊದಲು ಹೊರಮೈಗೆ ತೊಗಲು ಹೊಲಿಯುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಸಾಮಾನ್ಯವಾಗಿ ಅಡ್ಡಳತೆ ಎರಡು, ಎರಡೂವರೆ ಮೀಟರು. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆ ತಾಗಿದರೆ ಬಿದಿರು ಬಳುಕಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಗಟ್ಟಿಮರದ ದೋಣಿ ಒಡೆದುಹೋಗುವ ಕಲ್ಲುಹೊಳೆಯಲ್ಲಿ ಈ ಬುಟ್ಟಿ ಬಾಳುವುದು ಈ ಗುಣದಿಂದಲೇ. ಆದರೆ ದಬ್ಬೆ ಒಣಗಿ ಮುರಿಯುತ್ತದೆ, ಹಾಳೆ ಸವೆಯುತ್ತದೆ, ಡಾಂಬರು ಬಿಸಿಲಿಗೆ ಬಿರಿಯುತ್ತದೆ. ಆದುದರಿಂದ ಅದನ್ನು ಆಗಾಗ ದಡದ ಮೇಲೆ ಬೋರಲು ಹಾಕಿ, ತಳವನ್ನು ಕೈಯಾಡಿಸಿ ನೋಡಿ, ಹೊಸ ಲೇಪ ಕೊಡಬೇಕು.

ಇನ್ನು ಅದರ ದೌರ್ಬಲ್ಯ. ದೊಡ್ಡ ಹಾಯಿನೌಕೆಯ ತಳದಲ್ಲಿ ಭಾರವಾದ ಅಡಿಗಟ್ಟು ಇರುತ್ತದೆ. ಗಾಳಿ ಒಂದು ಕಡೆ ವಾಲಿಸಿದರೆ ಆ ಭಾರ ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಹರಿಗೋಲಿಗೆ ಅಂಥ ಆಧಾರವಿಲ್ಲ. ಅದನ್ನು ಸಮವಾಗಿ ನಿಲ್ಲಿಸುವುದು ಒಳಗೆ ಕುಳಿತವರ ತೂಕ ಮಾತ್ರ. ಅಂಚಿನ ಸುತ್ತ ಸಮನಾಗಿ ಕುಳಿತರೆ ಅದರಷ್ಟು ಸ್ಥಿರವಾದುದು ಮತ್ತೊಂದಿಲ್ಲ; ಛಾಯಾಚಿತ್ರಕ್ಕೆಂದು ನಾಲ್ವರು ಒಂದೇ ಬದಿಗೆ ಎದ್ದು ನಿಂತರೆ ಅದರಷ್ಟು ಅಪಾಯಕಾರಿಯಾದುದೂ ಮತ್ತೊಂದಿಲ್ಲ. ಹಾಯಿನೌಕೆಯ ಅಡಿಗಟ್ಟು ಕಬ್ಬಿಣದ್ದು, ಇಲ್ಲವೆ ಸೀಸದ್ದು. ಹರಿಗೋಲಿನ ಅಡಿಗಟ್ಟು ಪ್ರಯಾಣಿಕರ ವಿವೇಕ.

ಅಂತರರಾಷ್ಟ್ರೀಯ ಹಾಯಿಪಂದ್ಯದ ನಿಯಮಾವಳಿಯಲ್ಲಿ ಗೆಲುವು ಸೋಲುಗಳ ವಿಷಯ ಬರುವ ಮುನ್ನವೇ ಎರಡು ಮಾತುಗಳಿವೆ. ಅಪಾಯದಲ್ಲಿರುವವರಿಗೆ ಪ್ರತಿಯೊಂದು ದೋಣಿಯೂ ಸಾಧ್ಯವಾದ ನೆರವನ್ನು ನೀಡಬೇಕೆಂಬುದು ಒಂದು. ಪಂದ್ಯಕ್ಕೆ ಇಳಿಯಬೇಕೆ, ಬೇಡವೆ, ಮುಂದುವರಿಯಬೇಕೆ ಎಂಬ ನಿರ್ಧಾರದ ಹೊಣೆ ಆಯಾ ದೋಣಿಯದೇ ಎಂಬುದು ಇನ್ನೊಂದು. ಇವು ಅಲಂಕಾರದ ಮಾತುಗಳಲ್ಲ. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ಪಂದ್ಯಕ್ಕೆ 303 ಹಾಯಿನೌಕೆಗಳು ಹೊರಟುವು. ದಾರಿಯಲ್ಲಿ ಬಿರುಗಾಳಿ ಎರಗಿ 15 ಮಂದಿ ಸ್ಪರ್ಧಿಗಳು ಮಡಿದರು. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ 2013ರಲ್ಲಿ ಒಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆ ಮುಗಿಸಿದ ಮೊದಲ ಭಾರತೀಯರು. ಅಂಥವರೇ 2018ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ, ಕೂವೆಮರ ಮುರಿದು, ಬೆನ್ನೆಲುಬಿಗೆ ಪೆಟ್ಟಾಗಿ ನೌಕೆಯಲ್ಲಿ ಮಲಗಿಬಿಟ್ಟರು. ಫ್ರೆಂಚ್ ಹಡಗೊಂದು ಬಂದು ಅವರನ್ನು ಎತ್ತಿಕೊಂಡಿತು. ಮರಳಿ ಸಿದ್ಧರಾಗಿ 2023ರಲ್ಲಿ ಅದೇ ಪಂದ್ಯದಲ್ಲಿ ಎರಡನೆಯವರಾಗಿ ದಡ ಸೇರಿದರು. ನುರಿತವರನ್ನೂ ನೀರು ಬಿಡದು. ಸಿದ್ಧತೆ ಇದ್ದವರಿಗೆ ಮಾತ್ರ ಅದು ಎರಡನೆಯ ಅವಕಾಶ ಕೊಡುವ ಸಂಭವವುಂಟು.

ಇದು ದೂರದ ಸಮುದ್ರಗಳ ಕಥೆ ಎನ್ನಬೇಡಿ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಮಂದಿ ಅಸುನೀಗಿದರು. ಅವರಾರೂ ಪಂದ್ಯಕ್ಕೆ ಹೊರಟವರಲ್ಲ. ದೇವರ ದರ್ಶನ ಮಾಡಿ ಮನೆಗೆ ಹೊರಟ ಸಂಸಾರಸ್ಥರು.

ಆದಕಾರಣ ಸಂಗಮಕ್ಕೆ ಹೋಗುವ ಗೃಹಸ್ಥರು ಹರಿಗೋಲನ್ನೇರುವ ಮೊದಲು ಹಾಯಿದೋಣಿಯ ಹವ್ಯಾಸಿಯಂತೆ ಎರಡು ನಿಮಿಷ ವ್ಯಯಿಸಬೇಕು. ತಳದಲ್ಲಿ ನೀರು ನಿಂತಿದೆಯೆ? ಅಂಚಿನ ಬಳೆ ಗಟ್ಟಿಯಾಗಿದೆಯೆ? ಪ್ರತಿಯೊಬ್ಬರಿಗೂ, ವಿಶೇಷವಾಗಿ ಮಕ್ಕಳಿಗೆ, ಅಳತೆಗೆ ಸರಿಯಾದ ತೇಲುಕವಚವಿದೆಯೆ? ಅದು ಮಡಿಲಲ್ಲಿದ್ದರೆ ಸಾಲದು. ಮೈಮೇಲಿದ್ದು ಪಟ್ಟಿ ಬಿಗಿದಿರಬೇಕು. ಕುಳಿತ ಬಳಿಕ ಏಳಬಾರದು. ಕೈಯನ್ನು ಹೊರಗೆ ಚಾಚಿ ನೀರಿನೊಡನೆ ಆಡಬಾರದು. ಆಕಾಶ ತಿಳಿಯಾಗಿದೆ ಎಂದು ಹೊಳೆಯನ್ನು ನಂಬಲಾಗದು. ಮೇಲ್ಗಡೆ ಕನ್ನಂಬಾಡಿ, ಕಬಿನಿ ಜಲಾಶಯಗಳಿಂದ ನೀರು ಬಿಟ್ಟರೆ ಒಂದು ಹನಿ ಮಳೆಯಿಲ್ಲದೆಯೂ ಇಲ್ಲಿ ಪ್ರವಾಹ ಏರುತ್ತದೆ. ಅರ್ಕಾವತಿಯನ್ನು ದಾಟಿ ಕೆಳಗೆ ಮೇಕೆದಾಟುವಿಗೆ ಹೋದರೆ, ಅಲ್ಲಿ ಕಾವೇರಿ ಇಕ್ಕಟ್ಟಾದ ಕಲ್ಲುಕಂದರದೊಳಗೆ ನುಗ್ಗುತ್ತದೆ. ನುಣುಪಾದ ಬಂಡೆಗಳ ಅಂಚಿಗೆ ಸರಿಯುವುದು ಸಾಹಸವಲ್ಲ, ಅವಿವೇಕ. ಮಾಗಡಿಯ ಕಡೆಯ ಮಂಚನಬೆಲೆ ಜಲಾಶಯದಲ್ಲಿ ಈಜಲಿಳಿದು ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮರಮರಳಿ ಬಂದಿದೆ. ಚನ್ನಪಟ್ಟಣದ ಬಳಿ 1946ರಲ್ಲಿ ಕಟ್ಟಿದ ಕಣ್ವ ಜಲಾಶಯದ ನೀರು ಕನ್ನಡಿಯಂತೆ ಶಾಂತವಾಗಿ ತೋರುತ್ತದೆ. ಆ ಶಾಂತಿಯೂ ಆಳವನ್ನು ಹೇಳುವುದಿಲ್ಲ.

ನೌಕೆಯಂತೆಯೇ ನೀರಿನ ಸಿದ್ಧತೆಯೂ ಇರಬೇಕಲ್ಲವೆ? ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರನ್ನು ಒಯ್ದರು. ಅದೇ ಬೆಂಗಳೂರು ಪ್ರತಿಯಾಗಿ ತನ್ನ ಕೊಳಚೆಯನ್ನು ವೃಷಭಾವತಿಯ ಮೂಲಕ ಕಳುಹಿಸುತ್ತ ಬಂದಿದೆ. ಬಿಡದಿಯ ಸಮೀಪದ ಬೈರಮಂಗಲದ ಕೆರೆ ಆ ಕೊಳಚೆಯನ್ನು ಹೊತ್ತು ನೊರೆಗರೆದಿದೆ. ವೃಷಭಾವತಿ ಮುಂದೆ ಅರ್ಕಾವತಿಯನ್ನೇ ಸೇರುತ್ತದೆ. ಸಂಗಮದಲ್ಲಿ ಹರಿಗೋಲು ದಾಟುವುದು ಈ ಹೊಳೆಯನ್ನು. ಮೇಕೆದಾಟುವಿನಲ್ಲಿ ಸುಮಾರು 67 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಅಣೆಕಟ್ಟಿನ ವಿಸ್ತೃತ ಯೋಜನಾ ವರದಿಯನ್ನು ಕರ್ನಾಟಕವು 2019ರಲ್ಲಿ ಕೇಂದ್ರಕ್ಕೆ ಸಲ್ಲಿಸಿತು. ಆ ಅಣೆಕಟ್ಟು ಎದ್ದರೆ ಸಂಗಮದ ದಾಟು ಇಂದಿನ ರೂಪದಲ್ಲಿ ಉಳಿಯಲಾರದು.

ಅಲ್ಲಿಯವರೆಗೆ ಅಂಬಿಗನ ಬಾಳು ನಮ್ಮ ರಜೆಯ ದಿನಗಳನ್ನೇ ನೆಚ್ಚಿದೆ. ಇಲ್ಲಿಯೇ ನಿಜವಾದ ತೊಡಕು. ಹಾಯಿದೋಣಿಯ ಹವ್ಯಾಸಿ, “ಇಂದು ಗಾಳಿ ಸರಿಯಿಲ್ಲ, ನಾನು ಇಳಿಯಲಾರೆ” ಎಂದರೆ ಅವನ ಮನೆಯಲ್ಲಿ ಅಡಿಗೆ ನಿಲ್ಲುವುದಿಲ್ಲ. ಅಂಬಿಗನು ಹಾಗೆಂದರೆ ಆ ದಿನದ ಕೂಲಿ ಹೋಯಿತು. ಅವನ ಕೈಯಲ್ಲಿ ಹುಟ್ಟಿದೆ. ಆದರೆ ನಿರ್ಧಾರದ ಅರ್ಧಪಾಲು ನಮ್ಮ ಜೇಬಿನಲ್ಲಿದೆ. “ದೂರದಿಂದ ಬಂದಿದ್ದೇವೆ, ಇನ್ನಿಬ್ಬರನ್ನು ಹತ್ತಿಸಿಬಿಡು, ಹೆಚ್ಚಿಗೆ ಕೊಡೋಣ” ಎಂದು ಒತ್ತಾಯಿಸುವ ಪ್ರಯಾಣಿಕ, ಬೇಡವೆನ್ನುವ ಸ್ವಾತಂತ್ರ್ಯವನ್ನು ಅಂಬಿಗನಿಂದ ಕೊಂಡುಕೊಳ್ಳುತ್ತಾನೆ. ಆ ಹಣವನ್ನು ಇನ್ನೊಂದು ರೀತಿಯಲ್ಲಿ ಕೊಡಬಹುದು. ಎರಡು ಸಲ ದಾಟಿಸುವಂತೆ ಹೇಳಿ ಎರಡರ ಬಾಡಿಗೆಯನ್ನೂ ಕೊಡಬಹುದು. ಹೊಳೆ ಏರಿದ ದಿನ ಅವನು ತಲೆಯಾಡಿಸಿದರೆ ಚೌಕಾಸಿ ಮಾಡದೆ, ದಡದ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಬಹುದು. ಮೊಸರನ್ನದ ರುಚಿ ಯಾವ ದಡದಲ್ಲಿ ಕುಳಿತರೂ ಒಂದೇ.