ಹೆಸರು ಬಂದಿತು, ವಿಳಾಸ ಬರಲಿಲ್ಲ

ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರ ಮನೆಯಿದೆ. ಹುಬ್ಬಳ್ಳಿಯ ಗದ್ದಲ ತಲೆಗೇರಿದಾಗಲೆಲ್ಲ ಎರಡು ದಿನ ಅಲ್ಲಿಗೆ ಹೋಗಿ ಬರುವುದು ನನ್ನ ರೂಢಿ. ಈ ಸಲ ಹೋದಾಗ ಪಡಸಾಲೆಯ ಮಂಚದ ಮೇಲೆ ಬಣ್ಣಬಣ್ಣದ ಕೌದಿಯೊಂದನ್ನು ಹಾಸಿತ್ತು. ಕೌದಿಯ ಮೇಲೆ ಸ್ನೇಹಿತರ ಮಗ ಮೊಬೈಲಿನಲ್ಲಿ ಮುಳುಗಿ ಕುಳಿತಿದ್ದ. ಹುಡುಗ ಬಿ.ಕಾಂ. ಮುಗಿಸಿ ವರ್ಷವಾಯಿತು, ನೌಕರಿ ಹುಡುಕುತ್ತಿದ್ದಾನೆ. ನೌಕರಿ ಹುಡುಕುವುದೆಂದರೆ ಚಪ್ಪಲಿ ಸವೆಸುವುದೆಂದೇ ತಿಳಿದ ನಮ್ಮಂಥವರಿಗೆ, ಮಂಚ ಬಿಟ್ಟೇಳದೆ ಹುಡುಕುವ ಈ ವಿದ್ಯೆ ಸ್ವಲ್ಪ ಅಸೂಯೆಯನ್ನೇ ಹುಟ್ಟಿಸುತ್ತದೆ.

ಮೊದಲು ಕೌದಿಯ ಮಾತು. ಹಳಿಯಾಳದ ಕಡೆಯ ಸಿದ್ದಿ ತಾಯಿಯೊಬ್ಬರು ಹೊಲಿದದ್ದನ್ನು ಮನೆಯಾಕೆ ಕೆಲವು ವರ್ಷಗಳ ಹಿಂದೆ ಕೊಂಡು ತಂದಿದ್ದರು. ಶತಮಾನಗಳ ಹಿಂದೆ ಪೋರ್ತುಗೀಜರು ಮತ್ತಿತರರು ಆಫ್ರಿಕಾದಿಂದ ಈ ತೀರಕ್ಕೆ ಗುಲಾಮರನ್ನಾಗಿ ತಂದ ಜನರ ವಂಶಸ್ಥರು ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಕಾಡಂಚಿನಲ್ಲಿ ನೆಲಸಿದ್ದಾರೆ. ಅವರ ಕೌದಿಗೆ ‘ಕವಂದಿ’ ಎಂಬ ಹೆಸರೂ ಉಂಟು. ಹಳೆಯ ಸೀರೆ, ಅಂಗಿಗಳ ಚೂರುಗಳನ್ನು ಅಂಚಿನಿಂದ ಹಿಡಿದು ಸುತ್ತಸುತ್ತ ಹೊಲಿಯುತ್ತ ನಡುವಿಗೆ ಬಂದು ಮುಟ್ಟುವುದು ಅದರ ಕ್ರಮ. ಮೂಲೆಗಳಿಗೆ ಬಟ್ಟೆ ಮಡಿಸಿದ ಹೂವನ್ನು ಕೂಡಿಸಲೇಬೇಕು. ಹೂವಿಲ್ಲದ ಕೌದಿ ಬತ್ತಲೆಯೆಂದು ಅವರ ಭಾವನೆ.

ಮನೆಯಾಕೆಯ ತಂಗಿಯ ಮಗಳು ಅಮೇರಿಕೆಯಲ್ಲಿದ್ದಾಳೆ. ಆಕೆ ಆ ವಾರವೇ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿ, “ದೊಡ್ಡವ್ವಾ, ಇಲ್ಲೆ ರೊಕ್ಕಾ ಕೊಟ್ಟು ಒಂದು ಕ್ಲಾಸಿಗೆ ಸೇರೇನಿ. ಕವಂದಿ ಅಂತ ಹೊಲಿಯೂದು ಕಲಸ್ತಾರ. ಇದು ನಿಮ್ಮ ಕಡೇದಂತಲ್ಲ?” ಎಂದು ಕೇಳಿದ್ದಳು. ದೊಡ್ಡವ್ವನಿಗೆ ನಗಬೇಕೋ ಅಳಬೇಕೋ ತಿಳಿಯದಾಯಿತು.

ಸಂಗತಿ ನಿಜ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಶತಮಾನದ ಮೊದಲ ದಶಕದಲ್ಲಿ ಸಿದ್ದಿಗಳ ನಡುವೆ ಇದ್ದು, ಈ ಕೌದಿಗಳನ್ನು ಅಮೇರಿಕೆಯ ಜನಕ್ಕೆ ತೋರಿಸಿದರು. ಮಾರ್ಗರೆಟ್ ಫಬ್ರಿಜಿಯೊ ಎಂಬ ಕಲಾವಿದೆ ಹೊಲಿಗೆಯ ರೀತಿಯನ್ನು ಕಲಿತು ಯೂಟ್ಯೂಬಿನಲ್ಲಿ ಹಾಕಿದರು. ಅಲ್ಲಿಂದ ಮುಂದೆ ಇನ್‌ಸ್ಟಾಗ್ರಾಮಿನ ಕೆಲಸ. ಇಂದು ಆ ಹೆಸರನ್ನು ಬೆರಳಿನಿಂದ ಒತ್ತಿದರೆ ದೇಶದೇಶಗಳ ಹೆಂಗಳೆಯರು ಹೊಲಿದ ಕವಂದಿಗಳು ಸಾಲುಸಾಲಾಗಿ ಬಂದು ನಿಲ್ಲುತ್ತವೆ. ಯಾರನ್ನೂ ದೂರುವಂತಿಲ್ಲ. ಅನೇಕರು, “ಇದು ಭಾರತದ ಸಿದ್ದಿಗಳಿಂದ ಕಲಿತದ್ದು” ಎಂದು ಪ್ರಾಮಾಣಿಕವಾಗಿಯೇ ಬರೆಯುತ್ತಾರೆ. ಆದರೆ ಅಲ್ಲಿಗೆ ನಿಂತಿತು. ಯಾವ ಊರು, ಯಾವ ಮನೆ, ಒಂದು ಬೇಕಾದರೆ ಯಾರನ್ನು ಕೇಳಬೇಕು ಎಂಬುದಿಲ್ಲ. ಹೆಸರು ಸಮುದ್ರ ದಾಟಿತು, ವಿಳಾಸ ಹಳಿಯಾಳದಲ್ಲೇ ಉಳಿಯಿತು.

ಹಿಂದೆ ವ್ಯಾಪಾರಕ್ಕೆ ಜಾಹೀರಾತು ಬೇಕಾದರೆ ಹಣ ಬೇಕಾಗುತ್ತಿತ್ತು. ಈಗ ವಾಟ್ಸಾಪ್ ಬಿಸಿನೆಸ್ ಎಂಬುದು 2018ರಿಂದ ನಮ್ಮ ದೇಶದಲ್ಲಿದೆ. ಮಾಲಿನ ಚಿತ್ರ, ಬೆಲೆಗಳನ್ನು ಅದರಲ್ಲಿ ಪುಕ್ಕಟೆಯಾಗಿ ಜೋಡಿಸಿಡಬಹುದು. ಅದೇ ದಾಂಡೇಲಿಯ ಕಡೆ ನೋಡಿ. ಕಾಳಿ ನದಿಯಲ್ಲಿ ದೋಣಿ ಕುಪ್ಪಳಿಸುವ ಅರ್ಧ ನಿಮಿಷದ ಚಿತ್ರವನ್ನು ನೋಡಿ ಬೆಂಗಳೂರಿನ ಸಂಸಾರಗಳು ಹೋಂಸ್ಟೇಗಳಿಗೆ ಧಾವಿಸುತ್ತವೆ. ಏಕೆಂದರೆ ಚಿತ್ರದ ಕೆಳಗೆ ಫೋನ್ ನಂಬರಿದೆ. ಕೌದಿಯ ಚಿತ್ರದ ಕೆಳಗೆ ಅದಿಲ್ಲ. (ಹೊಗಳುವವರು ಹಣ ಪಡೆದು ಹೊಗಳುತ್ತಿದ್ದರೆ ಹಾಗೆಂದು ಹೇಳಬೇಕೆಂದು ಕೇಂದ್ರ ಸರಕಾರವು 2023ರ ಜನವರಿಯಲ್ಲಿ ವಿಧಿಸಿದೆ, ತಪ್ಪಿದರೆ 10 ಲಕ್ಷ ರೂಪಾಯಿಯವರೆಗೆ ದಂಡ. ಅರ್ಧ ನಿಮಿಷದಲ್ಲಿ ಅದನ್ನು ಹೇಳಲು ಎಷ್ಟು ಜನರಿಗೆ ಬಿಡುವಿರುತ್ತದೋ!)

ಇಷ್ಟು ಮಾತಾಗುವಾಗ ಹುಡುಗ ತಲೆಯೆತ್ತಿ, “ಕಾಕಾ, ಇದನ್ನೊಂದು ನೋಡ್ರಿ” ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟ. ಥೈಲ್ಯಾಂಡಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಊಟ, ವಸತಿ, ವಿಮಾನದ ಟಿಕೆಟ್ಟು ಎಲ್ಲ ಅವರದೇ. ಸಂದರ್ಶನ ಹೆಸರಿಗೆ ಮಾತ್ರ. ಟೆಲಿಗ್ರಾಮಿನಲ್ಲಿ ಬಂದ ಸಂದೇಶ. ಕಳಿಸಿದವನು ಎರಡು ದಿನಗಳಿಂದ ಬಹಳ ಸೌಜನ್ಯದಿಂದ ಮಾತಾಡುತ್ತಿದ್ದಾನಂತೆ.

“ಕಂಪನಿಯ ವಿಳಾಸವೆಲ್ಲಿ?” ಎಂದೆ.

“ಲಿಂಕ್ ಐತಲ್ರಿ ಕಾಕಾ!”

ಅವನ ತಾಯಿ ಒಳಗಿನಿಂದ ಬಂದು ನಿಂತರು. ನನಗೆ ತಿಳಿದದ್ದನ್ನು ಹೇಳದೆ ಗತಿಯಿರಲಿಲ್ಲ. ಇಂಥದೇ ಸಂದೇಶಗಳನ್ನು ನಂಬಿ ಬ್ಯಾಂಕಾಕಿಗೆ ಹೋದ ತರುಣರನ್ನು ಗಡಿಯ ಮೇ ಸೋತ್ ಪಟ್ಟಣದಿಂದ ಹೊಳೆ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿಗೆ ಒಯ್ದು, ಬೇಲಿಯೊಳಗೆ ಕೂಡಿಹಾಕಿ, ಫೋನಿನಲ್ಲಿ ಜನರನ್ನು ಮೋಸಗೊಳಿಸುವ ದಂಧೆಗೆ ಹಚ್ಚಿದರು. ಒಲ್ಲೆನೆಂದವರಿಗೆ ಹೊಡೆತ. 2025ರ ಮಾರ್ಚಿಯಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಎರಡು ದಿನಗಳಲ್ಲಿ 549 ಮಂದಿಯನ್ನು ಮರಳಿ ತಂದವು. ಅವರಲ್ಲಿ ದಡ್ಡರೆಷ್ಟು ಜನರಿದ್ದಾರು? ಓದಿದವರೇ, ಕೆಲಸಕ್ಕಾಗಿ ಕಾದು ಬೇಸತ್ತವರೇ.

ಹುಡುಗ ಸುಮ್ಮನಾದ. ಅವನ ತಂದೆ ಮಾತ್ರ, “ನಮ್ಮ ಕಾಲವೇ ಚೆನ್ನಾಗಿತ್ತು ಬಿಡಿ” ಎಂದರು. ಅದನ್ನು ನಾನು ಒಪ್ಪಲಾರೆ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂಬ ಕಾಯಿದೆ 1959ರಲ್ಲೇ ಬಂದಿದ್ದರೂ, ಅಲ್ಲಿಂದ ಬರಬೇಕಾದ ಕಾರ್ಡಿಗಾಗಿ ವರ್ಷಗಟ್ಟಲೆ ಅಂಚೆಯವನ ದಾರಿ ಕಾದವರು ನಾವು. ಕಡೆಗೆ ಕೆಲಸ ಕೊಡಿಸಿದ್ದು ಯಾರದೋ ಸೋದರಮಾವ. ಸೋದರಮಾವನಿಲ್ಲದವನ ಪಾಡು ಯಾರೂ ಕೇಳಲಿಲ್ಲ. ಇಂದು ಬೆಂಗಳೂರಿನ ಕಚೇರಿಯೊಂದರಲ್ಲಿ ಜಾಗ ಖಾಲಿಯಾದರೆ ಮಲ್ಲೇಶ್ವರದ ಹುಡುಗನಿಗೂ ಇಂದೂರಿನ ಹುಡುಗನಿಗೂ ಲಿಂಕ್ಡ್‌ಇನ್ನಿನಲ್ಲಿ ಒಂದೇ ಬೆಳಗ್ಗೆ ತಿಳಿಯುತ್ತದೆ. ಇದು ಸಣ್ಣ ಮಾತಲ್ಲ. ಸೋದರಮಾವನ ಜಾಗಕ್ಕೆ ಈಗ ಕಾಲೇಜಿನ ಹಿರಿಯ ಸಹಪಾಠಿ ಬಂದಿದ್ದಾನೆ, ಅಷ್ಟೆ. ಅವನನ್ನು ಕೇಳಲು ನೆಂಟಸ್ತಿಕೆ ಬೇಡ. ಆದರೆ ಅಂದಿನ ಕಾರ್ಡಿನ ಮೇಲೆ ಕಚೇರಿಯ ಮೊಹರು ಇರುತ್ತಿತ್ತು. ಇಂದು ಆ ಮೊಹರನ್ನು ಹುಡುಕುವ ಕೆಲಸ ಅರ್ಜಿದಾರನ ಮೇಲೆಯೇ ಬಿದ್ದಿದೆ.

ಹುಡುಕಲು ದಾರಿಯೇನೋ ಇದೆ. ಪರದೇಶದ ಕೆಲಸಕ್ಕೆ ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ಅವರ ಹೆಸರುಗಳನ್ನು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಬಹುದು. ನಾವಿಬ್ಬರೂ ಕೂಡಿ ನೋಡಿದೆವು, ಇರಲಿಲ್ಲ. ಬಳಿಕ ಹುಡುಗ ತಾನೇ, “ಕಂಪನಿಯ ನೋಂದಣಿ ಸಂಖ್ಯೆ, ಕಚೇರಿಯ ವಿಳಾಸ ತಿಳಿಸಿರಿ” ಎಂದು ಆ ಸೌಜನ್ಯಮೂರ್ತಿಗೆ ಬರೆದ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಆ ಖಾತೆಯೇ ಮಾಯವಾಗಿತ್ತು. ಹಣವನ್ನೇನಾದರೂ ಕಳಿಸಿದ್ದರೆ ಕೂಡಲೇ 1930ಕ್ಕೆ ಫೋನು ಮಾಡಬೇಕಾಗುತ್ತಿತ್ತು, ಪುಣ್ಯಕ್ಕೆ ಕಳಿಸಿರಲಿಲ್ಲ.

ಆ ಸಂಜೆ ಮನೆಯಾಕೆ ಹಳೆಯ ಕ್ಯಾಲೆಂಡರುಗಳ ಕಟ್ಟು ಬಿಚ್ಚಿ ಕುಳಿತರು. ಕೌದಿ ಕೊಂಡ ವರ್ಷದ ಕ್ಯಾಲೆಂಡರಿನ ಬೆನ್ನಿಗೆ ಒಂದು ನಂಬರು ಬರೆದಿಟ್ಟಿದ್ದರು. ಹುಡುಗ ಕರೆ ಹಚ್ಚಿದ. ಆ ಕಡೆ ಎತ್ತಿದವಳು ಹೊಲಿದ ತಾಯಿಯ ಮಗಳು. ಅಮೇರಿಕೆಗೆ ಒಂದು ಕೌದಿ ಬೇಕೆಂದಾಗ ಆಕೆಯೇನೂ ಬೆರಗಾಗಲಿಲ್ಲ. “ಅವ್ವ ಈಗ ಗದ್ದೀ ಕೆಲಸಕ್ಕ ಹೋಗ್ತಾಳ್ರಿ ಅಕ್ಕಾರ. ರಾತ್ರಿ ಕುಂತು ಹೊಲೀಬೇಕು, ಎರಡು ತಿಂಗಳು ಹಿಡೀತೈತಿ. ಹಳೇ ಸೀರಿ ಯಾರವು, ನಿಮ್ಮವೋ ನಮ್ಮವೋ?” ಎಂದಷ್ಟೇ ಕೇಳಿದಳು.

ಮನೆಯಾಕೆ ಮೊಬೈಲನ್ನು ಮಗನ ಕೈಗೆ ಕೊಟ್ಟು, ಸೀರೆಯ ಪೆಟ್ಟಿಗೆ ತೆರೆಯಲು ಒಳಗೆ ಹೋದರು.